ಗ್ರಾಂಪ್ಸ್‌: ಅಜ್ಜ-ಮೊಮ್ಮಗ ಜೋಡಿಯಾಗುತ್ತಾರೆ, ನಿಜವಾಗಿ ಎರಡು ಸಲ ದಾಖಲಾದವರು ಸಿಗುವುದಿಲ್ಲ

ಪ್ರಶ್ನೆ (ಗದಗ)

ನಮ್ಮ ಮನೆತನದ ವಂಶಾವಳಿಯನ್ನು ಗ್ರಾಂಪ್ಸ್ ತಂತ್ರಾಂಶದಲ್ಲಿ ಕನ್ನಡ ಲಿಪಿಯಲ್ಲಿಯೇ ದಾಖಲಿಸುತ್ತಿದ್ದೇನೆ. ಹುಬ್ಬಳ್ಳಿಯ ನಮ್ಮ ಕಾಕಾ ಸಿದ್ಧಪಡಿಸಿದ್ದ ಜೆಡ್‌ಕಾಮ್ ಕಡತವನ್ನು (ವಂಶಾವಳಿ ತಂತ್ರಾಂಶಗಳ ನಡುವೆ ಮಾಹಿತಿ ಸಾಗಿಸುವ ರೂಪ) ಅದಕ್ಕೆ ಸೇರಿಸಿದ ಮೇಲೆ ಅನೇಕರು ಎರಡೆರಡು ಸಲ ಕಾಣಿಸುತ್ತಿದ್ದಾರೆ. ‘ಫೈಂಡ್ ಪಾಸಿಬಲ್ ಡೂಪ್ಲಿಕೇಟ್ ಪೀಪಲ್’ ಉಪಕರಣವು ಅಜ್ಜ ಬಸಪ್ಪನನ್ನೂ ಮೊಮ್ಮಗ ಬಸಪ್ಪನನ್ನೂ ಜೋಡಿ ಮಾಡಿ ತೋರಿಸುತ್ತದೆ. ಆದರೆ ಎರಡು ಕಡೆಯೂ ದಾಖಲಾಗಿರುವ ನಮ್ಮ ಅಜ್ಜಿ ಮಾತ್ರ ಅದರ ಪಟ್ಟಿಯಲ್ಲಿ ಬರುವುದಿಲ್ಲ. ಎಲ್ಲಿ ತಪ್ಪುತ್ತಿದೆ?

ಉತ್ತರ (ಧಾರವಾಡ)

ಮೊದಲು ‘ಮೇಕ್ ಬ್ಯಾಕಪ್’ ಮೂಲಕ ಒಂದು ಪ್ರತಿಯನ್ನು ತೆಗೆದಿಡಿ. ಎರಡು ದಾಖಲೆಗಳ ವಿಲೀನವನ್ನು ಹಿಂದಕ್ಕೆ ಪಡೆಯಬಹುದಾದರೂ ಆ ಸೌಲಭ್ಯ ಕಡತವನ್ನು ಮುಚ್ಚುವವರೆಗೆ ಮಾತ್ರ ಇರುತ್ತದೆ.

ಉಪಕರಣದಲ್ಲಿ ‘ಯೂಸ್ ಸೌಂಡೆಕ್ಸ್ ಕೋಡ್ಸ್’ ಎಂಬುದಕ್ಕೆ ಗುರುತು ಹಾಕಿದ್ದರೆ ತೆಗೆದುಬಿಡಿ. 1918ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದ, ಉಚ್ಚಾರ ಹೋಲುವ ಹೆಸರುಗಳನ್ನು ಒಂದೇ ಗುಂಪಿಗೆ ಸೇರಿಸುವ ಈ ಪದ್ಧತಿ ಇಂಗ್ಲಿಷ್ ಅಕ್ಷರಗಳಿಗಾಗಿಯೇ ರಚಿತವಾದದ್ದು. ಕನ್ನಡ ಅಕ್ಷರಗಳು ಅದರ ಲೆಕ್ಕಕ್ಕೇ ಬರುವುದಿಲ್ಲವಾದ್ದರಿಂದ ಪಾಟೀಲ, ಹಿರೇಮಠ, ಅಂಗಡಿ ಎಲ್ಲರೂ ಒಂದೇ ಗುಂಪಿಗೆ ಬೀಳುತ್ತಾರೆ. ಅಜ್ಜನ ಹೆಸರನ್ನು ಮೊಮ್ಮಗನಿಗಿಡುವ ನಮ್ಮ ರೂಢಿಯಿಂದ ಹುಟ್ಟುವ ಸುಳ್ಳು ಜೋಡಿಗಳಿಗೆ ಮದ್ದು ಜನ್ಮವರ್ಷ. ಅಂದಾಜು ವರ್ಷವನ್ನಾದರೂ ನಮೂದಿಸಿದರೆ, ಎರಡು ವರ್ಷಗಳು ಬೇರೆಯಾದಾಗ ಉಪಕರಣವೇ ಅಂಕ ಕಳೆಯುತ್ತದೆ.

ಅಜ್ಜಿ ಸಿಗದಿರುವ ಕಾರಣ ಬೇರೆ. ಉಪಕರಣವು ಒಂದೇ ಅಡ್ಡಹೆಸರಿನವರನ್ನು ಮಾತ್ರ ಪರಸ್ಪರ ಹೋಲಿಸುತ್ತದೆ. ನೀವು ಅವರನ್ನು ತವರಿನ ಅಡ್ಡಹೆಸರಿನಿಂದಲೂ ನಿಮ್ಮ ಕಾಕಾ ಗಂಡನ ಮನೆಯ ಅಡ್ಡಹೆಸರಿನಿಂದಲೂ ಬರೆದಿದ್ದರೆ ಆ ಎರಡು ದಾಖಲೆಗಳು ಎಂದೂ ಎದುರುಬದುರಾಗುವುದಿಲ್ಲ. ಮದುವೆಯಲ್ಲಿ ಸೊಸೆಯ ಹೆಸರನ್ನೇ ಬದಲಿಸುತ್ತಿದ್ದ ಮನೆಗಳಲ್ಲಂತೂ ಹೆಸರನ್ನು ನಂಬಿ ಹುಡುಕುವುದೇ ವ್ಯರ್ಥ.

ಆದ್ದರಿಂದ ಮೊದಲು ಅಜ್ಜನ ಎರಡು ದಾಖಲೆಗಳನ್ನು ಕಂಟ್ರೋಲ್ ಕೀಲಿ ಒತ್ತಿ ಆರಿಸಿ, ‘ಎಡಿಟ್’ ಪಟ್ಟಿಯ ‘ಮರ್ಜ್’ ಮೂಲಕ ಒಂದು ಮಾಡಿ. ಆಗ ಒಬ್ಬನೇ ಅಜ್ಜನಿಗೆ ಇಬ್ಬರು ಹೆಂಡಂದಿರು ಕಾಣುತ್ತಾರೆ. ಇಬ್ಬರ ಮಕ್ಕಳ ಪಟ್ಟಿಯೂ ಒಂದೇ ಆಗಿದ್ದರೆ ಅವರು ಒಬ್ಬರೇ. ಅವರನ್ನೂ ವಿಲೀನಗೊಳಿಸಿದಾಗ ಎರಡು ಕುಟುಂಬ ದಾಖಲೆಗಳು ತಾವಾಗಿಯೇ ಒಂದಾಗುತ್ತವೆ, ಬಿಟ್ಟುಕೊಟ್ಟ ಹೆಸರು ಪರ್ಯಾಯ ಹೆಸರಾಗಿ ಉಳಿಯುತ್ತದೆ. ಮಕ್ಕಳು ಮಾತ್ರ ಇನ್ನೂ ಎರಡೆರಡು ಇರುತ್ತಾರೆ. ಅವರನ್ನು ಒಬ್ಬೊಬ್ಬರಾಗಿ ಸೇರಿಸಬೇಕು.

ಉತ್ತರ (ಹಾವೇರಿ)

ಮೇಲಿನ ಕ್ರಮ ಸರಿ, ಆದರೆ ಒಂದು ಎಚ್ಚರಿಕೆ ಬೇಕು. ಮೊದಲ ಹೆಂಡತಿ ತೀರಿಕೊಂಡ ಮೇಲೆ ಆಕೆಯ ತಂಗಿಯನ್ನೇ ತಂದುಕೊಳ್ಳುತ್ತಿದ್ದ ಮನೆಗಳಿದ್ದವು. ಅಂಥಲ್ಲಿ ಇಬ್ಬರ ತಂದೆ-ತಾಯಿಯೂ ಒಂದೇ, ಅಡ್ಡಹೆಸರೂ ಒಂದೇ. ಮಕ್ಕಳ ಹೆಸರು ಮತ್ತು ಹುಟ್ಟಿದ ವರ್ಷಗಳಷ್ಟೇ ಅವರನ್ನು ಬೇರ್ಪಡಿಸುತ್ತವೆ. ಸಂದೇಹ ಬಂದರೆ ಜಮೀನಿನ ಹಳೆಯ ಉತಾರವನ್ನೋ ಮನೆತನಗಳ ವಂಶಾವಳಿ ಹೇಳುವ ಹೆಳವರ ಪುಸ್ತಕವನ್ನೋ ನೋಡುವವರೆಗೆ ವಿಲೀನ ಮಾಡಬೇಡಿ.

ಮರುಪ್ರಶ್ನೆ (ಗದಗ)

ಅಜ್ಜಿಯ ದಾಖಲೆ ಒಂದಾಯಿತು, ಮಕ್ಕಳ ಪಟ್ಟಿಯೂ ಹೊಂದಿತು. ಆದರೆ ಈಗ ಅವರಿಗೆ ಎರಡು ಜನನಗಳಿವೆ: ಒಂದು ಧಾರವಾಡ ಜಿಲ್ಲೆಯಲ್ಲಿ, ಇನ್ನೊಂದು ಗದಗ ಜಿಲ್ಲೆಯಲ್ಲಿ. ಊರು ಮಾತ್ರ ಒಂದೇ.

ಉತ್ತರ (ಧಾರವಾಡ)

ವ್ಯಕ್ತಿಗಳನ್ನು ಸೇರಿಸಿದರೂ ಘಟನೆಗಳು ಹಾಗೆಯೇ ಉಳಿಯುತ್ತವೆ. ಮೊದಲು ಸ್ಥಳಗಳ ಪಟ್ಟಿಯಲ್ಲಿ ಆ ಊರಿನ ಎರಡು ದಾಖಲೆಗಳನ್ನು ಒಂದು ಮಾಡಿ, 1997ಕ್ಕಿಂತ ಮೊದಲು ಅದು ಧಾರವಾಡ ಜಿಲ್ಲೆಗೆ, ಆಮೇಲೆ ಗದಗ ಜಿಲ್ಲೆಗೆ ಸೇರಿದ್ದೆಂದು ‘ಎನ್‌ಕ್ಲೋಸ್ಡ್ ಬೈ’ ವಿಭಾಗದಲ್ಲಿ ಅವಧಿ ಸಹಿತ ನಮೂದಿಸಿ. ಬಳಿಕ ಘಟನೆಗಳ ಪಟ್ಟಿಗೆ ಹೋಗಿ ಎರಡು ಜನನಗಳನ್ನು ವಿಲೀನಗೊಳಿಸಿ. ಯಾವುದಕ್ಕೆ ಆಧಾರದ ದಾಖಲೆ ಇದೆಯೋ ಅದನ್ನು ಮುಖ್ಯವಾಗಿ ಆರಿಸಿ.