ಹಿಂಬಾಗಿಲಿನ ಗಾಳಿ

“ಪಿ0171!” ಎಂದು ಸುಬ್ಬಣ್ಣ ಮೊಬೈಲಿನಿಂದ ತಲೆಯೆತ್ತಿ ಘೋಷಿಸಿದ ಧಾಟಿ ಲಾಟರಿ ಹೊಡೆದವನದ್ದಾಗಿತ್ತು. ಸ್ಟೀರಿಂಗಿನ ಕೆಳಗಿರುವ 16 ಪಿನ್ನಿನ ಸಾಕೆಟ್ಟಿಗೆ ಅವನು ಕಾರಿನ ದೋಷದ ಕೋಡನ್ನು ಮೊಬೈಲಿಗೆ ಓದಿ ಹೇಳುವ ಬ್ಲೂಟೂತ್ ಡಾಂಗಲ್ ಸಿಕ್ಕಿಸಿದ ದಿನದಿಂದ ನಮ್ಮ ಭಾನುವಾರದ ಕಾಫಿಗೆ ಬೇರೆ ವಿಷಯವೇ ಉಳಿದಿಲ್ಲ.

“ಮಿಶ್ರಣದಲ್ಲಿ ಗಾಳಿ ಹೆಚ್ಚಾಗಿ ಪೆಟ್ರೋಲು ಕಡಿಮೆಯಾಗಿದೆ ಎಂದು ಅದರ ಅರ್ಥ, ರಾಯರೇ. ಆಕ್ಸಿಜನ್ ಸೆನ್ಸರ್ ಬದಲಾಯಿಸಿದೆ. ಮೂರು ದಿನಕ್ಕೆ ಎಂಜಿನ್ ದೋಷದ ದೀಪ ಮತ್ತೆ ಹತ್ತಿತು. ಗಾಳಿ ಅಳೆಯುವ ಸೆನ್ಸರನ್ನೂ ಬದಲಾಯಿಸಿದೆ, ಮತ್ತೆ ಹತ್ತಿತು. ಇನ್ನು ಪೆಟ್ರೋಲ್ ಪಂಪಿನ ಸರದಿ.”

ರಾಯರು ಲೋಟ ಕೆಳಗಿಟ್ಟರು. “ಮದುವೆ ಮನೆಯಲ್ಲಿ ಮುಂಬಾಗಿಲಿನಲ್ಲಿ ಒಬ್ಬ ತಲೆ ಎಣಿಸುತ್ತಾನೆ, ಆ ಲೆಕ್ಕ ಕೇಳಿ ಅಡುಗೆಯವನು ಅನ್ನಕ್ಕಿಡುತ್ತಾನೆ, ಪಂಕ್ತಿಯ ಕೊನೆಯಲ್ಲಿ ಕುಳಿತವನು ‘ಅನ್ನ ಸಾಲಲಿಲ್ಲ’ ಎಂದು ಕೂಗುತ್ತಾನೆ. ನೀನು ಮೊದಲು ಕೂಗಿದವನನ್ನು ಎಬ್ಬಿಸಿ ಕಳಿಸಿದೆ, ಆಮೇಲೆ ಎಣಿಸುವವನನ್ನು ಬಿಡಿಸಿದೆ, ಈಗ ಒಲೆಯನ್ನೇ ಬದಲಾಯಿಸಲು ಹೊರಟಿದ್ದೀಯ. ಹಿಂಬಾಗಿಲು ತೆರೆದಿದೆಯೇ ಎಂದು ಒಮ್ಮೆಯಾದರೂ ನೋಡಿದೆಯಾ?”

“ಕೋಡೇ ಹೇಳುತ್ತಿದೆಯಲ್ಲ!”

“ಕೋಡು ದೂರನ್ನಷ್ಟೇ ಹೇಳುತ್ತದೆ, ಕಳ್ಳನ ಹೆಸರು ಹೇಳುವುದಿಲ್ಲ.”

ನಾಗೇಶನಿಗೆ ತನ್ನ ಕಾರು ನೆನಪಾಯಿತು. ಅದರಲ್ಲಿ ಪಿ0301 ಬಂದಿತ್ತು; ಮೊದಲನೆಯ ಸಿಲಿಂಡರ್ ಸರಿಯಾಗಿ ಹೊತ್ತಿಕೊಳ್ಳುತ್ತಿರಲಿಲ್ಲ. ಮೆಕ್ಯಾನಿಕ್ ಏನನ್ನೂ ಕೊಳ್ಳದೆ ಅದರ ಕಿಡಿಗೆ ವಿದ್ಯುತ್ ಕೊಡುವ ಇಗ್ನಿಷನ್ ಕಾಯಿಲನ್ನು ಎರಡನೆಯದಕ್ಕೆ, ಎರಡನೆಯದರದನ್ನು ಮೊದಲನೆಯದಕ್ಕೆ ಹಾಕಿದನಂತೆ. ಕೋಡು ಪಿ0302 ಆಯಿತಂತೆ.

“ನೋಡಿದೆಯಾ, ಅಧಿಕಾರಿಯ ವರ್ಗಾವಣೆಯಾದ ಊರಿಗೆ ಲಂಚವೂ ವರ್ಗವಾಗಿ ಹೋದಂತೆ!” ಎಂದು ರಾಯರು ತೊಡೆ ತಟ್ಟಿದರು. “ಇದಕ್ಕೆ ವಿಚಾರಣೆ ಎನ್ನುತ್ತಾರೆ. ಸುಬ್ಬಣ್ಣ, ನಿನ್ನ ಡಾಂಗಲಿನಲ್ಲಿ ಫ್ಯುಯಲ್ ಟ್ರಿಮ್ ಎಂಬುದೊಂದಿರಬೇಕು, ಲೆಕ್ಕಕ್ಕಿಂತ ನೂರಕ್ಕೆ ಎಷ್ಟು ಪೆಟ್ರೋಲು ಹೆಚ್ಚು ಕಡಿಮೆ ಮಾಡುತ್ತಿದೆ ಎಂಬ ಅಂಕಿ, ತೋರಿಸು.”

ಎಲ್ಲರೂ ಕಾರಿನ ಬಳಿಗೆ ಹೋದೆವು. ಎಂಜಿನ್ ಐಡಲಿನಲ್ಲಿದ್ದಾಗ ಅಂಕಿ +24 ಇತ್ತು. ಆರ್‌ಪಿಎಂ 2500ಕ್ಕೆ ಏರಿಸಿದಾಗ +6ಕ್ಕೆ ಇಳಿಯಿತು.

“ಒಂದು ಗ್ರಾಂ ಪೆಟ್ರೋಲಿಗೆ 14.7 ಗ್ರಾಂ ಗಾಳಿ ಎಂಬುದು ಅಡುಗೆಯವನ ಲೆಕ್ಕ. ಅದು ಕೈಕೊಟ್ಟು ಅವನೀಗ ನೂರಕ್ಕೆ 24ರಷ್ಟು ಹೆಚ್ಚು ಅನ್ನ ಬೇಯಿಸುತ್ತಿದ್ದಾನೆ. ಐಡಲ್ ಎಂದರೆ ಚಿಕ್ಕ ಪಂಕ್ತಿ, 2500 ಎಂದರೆ ದೊಡ್ಡದು. ಕರೆಯದೆ ಬಂದ ಹತ್ತು ಜನ 50 ಎಲೆಯ ಪಂಕ್ತಿಯಲ್ಲಿ ಕಣ್ಣಿಗೆ ಬೀಳುತ್ತಾರೆ, 500 ಎಲೆಯ ಪಂಕ್ತಿಯಲ್ಲಿ ಕರಗಿಹೋಗುತ್ತಾರೆ. ಪಂಪು ಸೋತಿದ್ದರೆ ದೊಡ್ಡ ಪಂಕ್ತಿಯಲ್ಲೇ ಹೆಚ್ಚು ಪರದಾಟವಾಗಬೇಕಿತ್ತು. ಇದು ಹಿಂಬಾಗಿಲೇ. ಗಾಳಿ ಒಳಬಿಡುವ ಕವಾಟವಾದ ಥ್ರಾಟಲ್ ದಾಟಿದ ಮೇಲೆ ಎಲ್ಲೋ ಪೈಪು ಬಿರಿದಿದೆ; ಬುಸ್ಸೆನ್ನುವ ಸದ್ದು ಬರಬೇಕು.”

ರಾಯರು ಬಾನೆಟ್ಟಿನ ಮೇಲೆ ಬಾಗಿ, ರಬ್ಬರ್ ಪೈಪೊಂದನ್ನು ಅರ್ಧ ಗಜ ಉದ್ದಕ್ಕೆ ಕತ್ತರಿಸಿಟ್ಟುಕೊಂಡು ಅದರ ಒಂದು ತುದಿಯನ್ನು ಕಿವಿಗಿಟ್ಟು, ಇನ್ನೊಂದು ತುದಿಯನ್ನು ಎಂಜಿನ್ನಿನ ಸಂದುಗೊಂದುಗಳಲ್ಲಿ ವೈದ್ಯರಂತೆ ಆಡಿಸುತ್ತ ಬಹಳ ಹೊತ್ತು ನಿಂತರು. ಅಂಬಾಸಡರ್ ಕಾರಿನ ಕಾಲದಲ್ಲಿ, ಬೀದಿಯ ಆ ಕೊನೆಯಲ್ಲಿ ಬರುವ ಕಾರಿನ ಯಾವ ವಾಲ್ವು ಸಡಿಲವಾಗಿದೆ ಎಂದು ಕಾಫಿ ಕುಡಿಯುತ್ತಲೇ ಹೇಳುತ್ತಿದ್ದವರು ಅವರು. ಈಗ ಮುಖ ಸಪ್ಪಗಾಯಿತು.

“ಏನೂ ಕೇಳಿಸುತ್ತಿಲ್ಲ,” ಎಂದರು.

ನನಗೆ ಬರಿಯ ಕಿವಿಗೇ ಕೇಳಿಸುತ್ತಿತ್ತು. ನಾಗೇಶನಿಗೂ ಕೇಳಿಸುತ್ತಿತ್ತೆಂದು ಅವನು ನನ್ನತ್ತ ನೋಡಿದ ರೀತಿಯಿಂದ ತಿಳಿಯಿತು. ನಾವಿಬ್ಬರೂ ಸುಮ್ಮನಿದ್ದೆವು. ಕಡೆಗೆ ಸುಬ್ಬಣ್ಣನೇ, ಅಪ್ಪಿತಪ್ಪಿ ಎಂಬಂತೆ, ಬ್ರೇಕ್ ಬೂಸ್ಟರಿಗೆ ಹೋಗುವ ಪೈಪಿನ ಬುಡದ ಮೇಲೆ ಅಂಗೈ ಇಟ್ಟು ಒತ್ತಿದ. ಎಂಜಿನ್ನಿನ ನಡುಕ ನಿಂತಿತು. ಕೈ ತೆಗೆದರೆ ಅಲ್ಲಿ ಇಲಿ ಕಡಿದ ಗುರುತು.

“ಅಲ್ಲಿಗೇ ಬರುತ್ತಿದ್ದೆ,” ಎಂದರು ರಾಯರು.

ಸೋಮವಾರ ಹೊಸ ಪೈಪು ಬಿತ್ತು. ಸಂಜೆ ರಾಯರು ತಾವಾಗಿಯೇ ಬಂದು, ಸುಬ್ಬಣ್ಣನ ಮೊಬೈಲನ್ನು ಕಣ್ಣಿನಿಂದ ಒಂದು ಮೊಳ ದೂರ ಹಿಡಿದು, ಅಂಕಿ +2 ಎಂದಿರುವುದನ್ನು ಎರಡೆರಡು ಸಲ ಓದಿಸಿಕೊಂಡರು.

“ಈ ಡಾಂಗಲಿಗೆ ಎಷ್ಟು ಕೊಟ್ಟೆ?” ಎಂದು ಹೊರಡುವಾಗ ಮೆಲ್ಲಗೆ ಕೇಳಿದರು.