ಸೈಕ್ಲಿಂಗ್ ಸಾಕ್ಸ್‌ಗೆ ದುಡ್ಡು ಹಾಕಬಹುದಾ? ಮಂಗಳೂರು-ಉಡುಪಿ ಸವಾರರ ಅನುಭವ

ಕೊಟ್ಟಾರದಿಂದ ಒಬ್ಬರು ಕೇಳಿದ್ದು:
ದಿನಾ ಕೊಟ್ಟಾರದಿಂದ ಬೈಕಂಪಾಡಿಗೆ ಸೈಕಲ್‌ನಲ್ಲೇ ಕೆಲಸಕ್ಕೆ ಹೋಗುತ್ತೇನೆ. ಭಾನುವಾರ ಮೂಲ್ಕಿಗೆ, ಮನಸ್ಸಾದರೆ ಕಾಪು ಲೈಟ್‌ಹೌಸ್‌ವರೆಗೆ. ಕಾಲಿಗೆ ಸ್ಪೋರ್ಟ್ಸ್ ಶೂ, ಒಳಗೆ ಆಫೀಸಿನ ಕಾಟನ್ ಸಾಕ್ಸ್. ಅಂಗಡಿಯಲ್ಲಿ ಸೈಕ್ಲಿಂಗ್ ಸಾಕ್ಸ್ ಅಂತಲೇ ಬೇರೆ ಇಟ್ಟಿದ್ದಾರೆ, ಒಂದು ಜೊತೆಗೆ ಐನೂರು ರೂಪಾಯಿ. ಅಷ್ಟು ಕೊಡುವಂಥದ್ದು ಅದರಲ್ಲಿ ಎಂತ ಉಂಟು? ಮಳೆಗಾಲ ಹತ್ತಿರ ಬಂತು. ಹಾಕಿ ನೋಡಿದವರು ಹೇಳಿ.

ಸುರತ್ಕಲ್‌ನಿಂದ:
ಕೊಡಬಹುದು. ಆದರೆ ಬಟ್ಟೆ ನೋಡಿ ಕೊಡಿ, ಲೇಬಲ್ ಏನೇ ಇರಲಿ. ನಾನೂ ಅದೇ ದಾರಿಯಲ್ಲಿ ಓಡಾಡುವವನು. ಕೂಳೂರು ಸೇತುವೆ ದಾಟಿ ಪಣಂಬೂರು ಮುಟ್ಟುವಷ್ಟರಲ್ಲಿ ಯಾವುದಾದರೂ ಲಾರಿ ಹೊಂಡದ ನೀರು ಹಾರಿಸಿಯೇ ಹಾರಿಸುತ್ತದೆ. ಕಾಟನ್ ಸಾಕ್ಸ್ ಇದ್ದರೆ ಆ ನೀರನ್ನೆಲ್ಲ ಕುಡಿದು ಸಂಜೆವರೆಗೂ ಬಿಡುವುದಿಲ್ಲ. ಒದ್ದೆ ಚರ್ಮ ಮೆತ್ತಗಾಗುತ್ತದೆ. ಮೆತ್ತಗಾದ ಚರ್ಮ ಬೇಗ ಉಜ್ಜಿ ಗುಳ್ಳೆ ಏಳುತ್ತದೆ.

ಒಂದು ಲೆಕ್ಕ ಹೇಳುತ್ತೇನೆ. ಗಾಳಿಯಲ್ಲಿ ತೇವ ನೂರಕ್ಕೆ 65 ಇರುವಾಗ, ಒಣಗಿದೆ ಅಂತ ನಾವು ಹೇಳುವ ಹತ್ತಿಯೂ ತನ್ನ ತೂಕದ 7-8 ಶೇಕಡದಷ್ಟು ನೀರು ಹಿಡಿದಿರುತ್ತದೆ. ನೈಲಾನ್ ಸುಮಾರು 4. ಪಾಲಿಯೆಸ್ಟರ್ ಅರ್ಧ ಶೇಕಡವೂ ಇಲ್ಲ. ಜುಲೈಯಲ್ಲಿ ನಮ್ಮ ಊರಿನ ತೇವ 65ರಲ್ಲಿ ನಿಲ್ಲುತ್ತದಾ? ರಾತ್ರಿಯಿಡೀ ಹಗ್ಗದ ಮೇಲೆ ಹಾಕಿದ ಕಾಟನ್ ಸಾಕ್ಸ್ ಬೆಳಿಗ್ಗೆ ಮುಟ್ಟಿದರೆ ತಣ್ಣಗೆ ಅಂಟುವುದು ಅದಕ್ಕೇ. ಪಾಲಿಯೆಸ್ಟರ್-ನೈಲಾನ್‌ನಲ್ಲಿ ನೀರು ಹೆಚ್ಚಾಗಿ ನೂಲುಗಳ ನಡುವೆ ನಿಲ್ಲುತ್ತದೆ. ಟವೆಲ್‌ನಲ್ಲಿ ಸುತ್ತಿ ಹಿಂಡಿ, ಫ್ಯಾನ್ ಕೆಳಗೆ ಹಾಕಿದರೆ ಬೆಳಿಗ್ಗೆ ಹಾಕಿಕೊಳ್ಳಬಹುದು. ನನಗೆ ಐನೂರು ರೂಪಾಯಿ ಸಾರ್ಥಕ ಅನಿಸಿದ್ದು ಇಲ್ಲಿ. ಓಡಿಸುವಾಗ ಸಿಗುವ ಸುಖ ಆಮೇಲಿನ ಮಾತು.

ಅಂಗಡಿಯಲ್ಲಿ ಸಾಕ್ಸನ್ನು ಒಳಗು ಹೊರಗು ಮಾಡಿ ನೋಡಿ. ಬೆರಳ ತುದಿಯ ಹೊಲಿಗೆ ಮೇಲೆ ಹೆಬ್ಬೆರಳು ಓಡಿಸಿ, ದಪ್ಪ ಗಂಟು ಸಿಕ್ಕಿದರೆ ಅಲ್ಲೇ ಬಿಡಿ. ಕೈ ಒಳಗೆ ಹಾಕಿ ಬೆಳಕಿಗೆ ಹಿಡಿಯಿರಿ. ಪಾದದ ಮೇಲ್ಭಾಗದಲ್ಲಿ ಬಲೆಯಂಥ ನೇಯ್ಗೆ ಇದ್ದರೆ ಬೆರಳು ಕಾಣುತ್ತದೆ, ಗಾಳಿ ಆಡುವುದು ಅಲ್ಲೇ. ಅಂಗಾಲಿನ ನಡುವೆ ಸ್ವಲ್ಪ ಬಿಗಿಯಾದ ಪಟ್ಟಿ ಇರಬೇಕು, ಇಲ್ಲವಾದರೆ ಸಾಕ್ಸ್ ಮುಂದಕ್ಕೆ ಜಾರಿ ಬೆರಳ ಹತ್ತಿರ ಮುದ್ದೆ ಆಗುತ್ತದೆ. ಇಷ್ಟೂ ಇರುವ ರನ್ನಿಂಗ್ ಸಾಕ್ಸ್ ಕಡಿಮೆಗೆ ಸಿಕ್ಕಿದರೆ ಅದನ್ನೇ ತೆಗೆದುಕೊಳ್ಳಿ, ಏನೂ ನಷ್ಟ ಇಲ್ಲ.

ಕೊರತೆಯೂ ಹೇಳಬೇಕು. ಪಾಲಿಯೆಸ್ಟರ್ ಬೇಗ ನಾರುತ್ತದೆ. ಮೈಯ ಎಣ್ಣೆ ಜಿಡ್ಡು ಅದಕ್ಕೆ ಅಂಟಿಕೊಳ್ಳುತ್ತದೆ. ಬಂದ ತಕ್ಷಣ ಒಳಮೈ ಹೊರಗೆ ಮಾಡಿ ಒಗೆಯಿರಿ. ಬಟ್ಟೆ ಮೆತ್ತಗಾಗುವ ಪರಿಮಳದ ದ್ರಾವಣ ಬೇಡವೇ ಬೇಡ, ನೂಲಿನ ಮೇಲೆ ಪದರ ಕಟ್ಟಿ ಬೆವರು ಎಳೆಯುವ ಗುಣವನ್ನೇ ಕೆಡಿಸುತ್ತದೆ.

ಮಣಿಪಾಲದಿಂದ:
ಅಣ್ಣ ಬಟ್ಟೆ ಬಗ್ಗೆ ಹೇಳಿದ್ದು ಸರಿ. ನಾನು ಪೆಡಲ್‌ಗೆ ಸಿಕ್ಕಿಸುವ ಕ್ಲಿಪ್ ಶೂ ಹಾಕುವವಳು, ಬ್ರೆವೆಗೆ, ಅಂದರೆ ಇಂತಿಷ್ಟು ಸಮಯದೊಳಗೆ ಮುಗಿಸಬೇಕಾದ ದೂರದ ಸವಾರಿಗೆ ಹೋಗುವವಳು. 200 ಕಿ.ಮೀ.ಗೆ ಹದಿಮೂರೂವರೆ ಗಂಟೆ ಸಮಯ. ಅಷ್ಟು ಹೊತ್ತು ಒಂದೇ ಶೂ ಒಳಗೆ ಕಾಲು ಇರುವಾಗ ಸಾಕ್ಸ್‌ನ ದಪ್ಪವೇ ದೊಡ್ಡ ವಿಷಯ. ಓಡುವವರ ಹಾಗೆ ನಮ್ಮ ಪಾದ ನೆಲಕ್ಕೆ ಬಡಿಯುವುದಿಲ್ಲ, ಮೆತ್ತೆ ಬೇಕಾಗಿಲ್ಲ. ಒತ್ತಡ ಬೀಳುವುದು ಪಾದದ ಮುಂಭಾಗಕ್ಕೆ, ಪೆಡಲ್ ಮೇಲೆ ಇರುವ ಕಡೆಗೆ. ಬ್ಯಾಡ್ಮಿಂಟನ್‌ನವರು ಹಾಕುವ ದಪ್ಪ ಟವೆಲ್‌ನಂಥ ಸಾಕ್ಸ್ ಹಾಕಿದರೆ ಶೂ ಬಿಗಿಯಾಗುತ್ತದೆ. ಮಧ್ಯಾಹ್ನದ ಸೆಕೆಗೆ ಪಾದವೂ ಊದುತ್ತದೆ. ಆಮೇಲೆ ಬೆರಳು ಜೋಮು ಹಿಡಿಯುತ್ತದೆ, ಎಷ್ಟೋ ಜನ ಶೂವನ್ನೇ ಬೈಯುತ್ತಾರೆ. ತೆಳು ಸಾಕ್ಸ್ ಹಾಕಿ ನೋಡಿ, ಆಮೇಲೆ ಬೇಕಾದರೆ ಶೂ ಬದಲಿಸಿ.

ಮಳೆಯಲ್ಲಿ ಘಾಟಿ ಹತ್ತುವವರಿಗೆ ಇನ್ನೊಂದು ಮಾತು. ಹೆಬ್ರಿ, ಸೋಮೇಶ್ವರ ದಾಟಿ ಆಗುಂಬೆ ಹತ್ತುವಾಗ ಬೆವರು ಸುರಿಯುತ್ತದೆ. ವಾಪಸ್ ಇಳಿಯುವಾಗ ಆ ತಿರುವುಗಳಲ್ಲಿ ಒದ್ದೆ ಕಾಲಿಗೆ ಗಾಳಿ ಬಡಿದು ಬೆರಳು ಮರಗಟ್ಟುತ್ತದೆ. ತೆಳು ಮೆರಿನೋ ಉಣ್ಣೆಯ ಸಾಕ್ಸ್ ಅಲ್ಲಿ ನಿಜಕ್ಕೂ ಒಳ್ಳೆಯದು. ಒದ್ದೆಯಾದರೂ ಬೆಚ್ಚಗಿರುತ್ತದೆ, ವಾಸನೆ ಕಡಿಮೆ. ಬೆಲೆ ಮಾತ್ರ ಸಾವಿರ ದಾಟುತ್ತದೆ, ಒಣಗುವುದು ಪಾಲಿಯೆಸ್ಟರ್‌ಗಿಂತ ನಿಧಾನ. ಬೈಕಂಪಾಡಿಗೆ ಹೋಗಿ ಬರಲು ಅದು ಬೇಡ.

ಉಡುಪಿ ಕಲ್ಸಂಕದಿಂದ:
ನನಗೆ ಕೇಳಿದರೆ ಮಳೆಗಾಲದಲ್ಲಿ ಸಾಕ್ಸೇ ಬೇಡ. ಹಿಂದೆ ಪಟ್ಟಿ ಇರುವ ರಬ್ಬರ್ ಸ್ಯಾಂಡಲ್ ಹಾಕಿ ಓಡಿಸುತ್ತೇನೆ. ನೀರು ಬರುತ್ತದೆ, ಹೋಗುತ್ತದೆ. ಅಂಗಡಿ ಮುಟ್ಟಿ ಕಾಲು ತೊಳೆದು ಒರೆಸಿದರೆ ಆಯಿತು. ಮಲ್ಪೆವರೆಗೆ ಹೋಗಿ ಬರುವವರಿಗೆ ಇಷ್ಟು ಸಾಕು. ಹವಾಯಿ ಚಪ್ಪಲಿ ಮಾತ್ರ ಬೇಡ, ಒದ್ದೆ ಪೆಡಲ್ ಮೇಲೆ ಜಾರುತ್ತದೆ. ಐನೂರು ಉಳಿದರೆ ಹಿಂದಿನ ಚಕ್ರಕ್ಕೆ ಒಳ್ಳೆಯ ಮಡ್‌ಗಾರ್ಡ್ ಹಾಕಿಸಿ.

ಕೊಟ್ಟಾರದವರು:
ಎಲ್ಲರಿಗೂ ಥ್ಯಾಂಕ್ಸ್. ಫ್ಯಾಕ್ಟರಿ ಒಳಗೆ ಶೂ ಕಡ್ಡಾಯ, ಸ್ಯಾಂಡಲ್ ಆಗುವುದಿಲ್ಲ. ಈ ಸಾಕ್ಸ್ ಯಾಕೆ ಅಷ್ಟು ಉದ್ದ? ಬಣ್ಣ ಯಾವುದು ಒಳ್ಳೆಯದು?

ಸುರತ್ಕಲ್‌ನಿಂದ:
ಉದ್ದ ಹೆಚ್ಚಿನಂಶ ಫ್ಯಾಷನ್. ರೇಸ್‌ನವರಿಗೆ ಅದರಲ್ಲಿ ಲಾಭ ಉಂಟು, ಗೀರು ಗೀರು ಇರುವ ಬಟ್ಟೆ ಗಾಳಿಯ ತಡೆ ಸ್ವಲ್ಪ ಕಡಿಮೆ ಮಾಡುತ್ತದೆ. ಅದಕ್ಕೇ ಅಂತಾರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಯುಸಿಐ, ಸಾಕ್ಸ್ ಕಾಲುಗಂಟಿನಿಂದ ಮೊಣಕಾಲಿನ ಕಡೆಗೆ ಅರ್ಧ ದಾಟಬಾರದು ಅಂತ ನಿಯಮ ಮಾಡಿ 2019ರಿಂದ ಅಳೆದು ನೋಡಲು ಶುರು ಮಾಡಿತು. ನಮಗೆ ಕಾಲುಗಂಟು ಮುಚ್ಚಿದರೆ ಸಾಕು, ಶೂ ಅಂಚು ಉಜ್ಜುವುದಿಲ್ಲ. ಬಿಳಿ ಬೇಡ ಮಾರಾಯ್ರೇ, ನಮ್ಮ ಕೆಂಪು ಮಣ್ಣಿನ ಕಲೆ ಏನು ಮಾಡಿದರೂ ಹೋಗುವುದಿಲ್ಲ. ಕಪ್ಪು ಅಥವಾ ಬೂದು ತೆಗೆದುಕೊಳ್ಳಿ.

ಕದ್ರಿಯಿಂದ:
ಔಷಧಿ ಅಂಗಡಿಯಲ್ಲಿ ಕೆಲಸ ನನ್ನದು. ಮಳೆ ಶುರುವಾದರೆ ಬೆರಳ ಸಂದಿ ಬಿಳಿಚಿಕೊಂಡು ತುರಿಕೆ ಅಂತ ಬರುವವರು ಜಾಸ್ತಿ. ಎಷ್ಟು ಒಳ್ಳೆಯ ಸಾಕ್ಸ್ ಆದರೂ ಒದ್ದೆ ಶೂ ಒಳಗೆ ಇಡೀ ದಿನ ಇದ್ದರೆ ಫಂಗಸ್ ಬರುತ್ತದೆ. ಹಾಗಾಗಿ ಒಂದು ದುಬಾರಿ ಜೊತೆಯ ಬದಲು ಸಾಧಾರಣ ಬೆಲೆಯ ಎರಡು ಜೊತೆ ತೆಗೆದುಕೊಳ್ಳಿ. ಒಂದನ್ನು ಪ್ಲಾಸ್ಟಿಕ್ ಕವರ್‌ನಲ್ಲಿ ಕಟ್ಟಿ ಬ್ಯಾಗ್‌ನಲ್ಲಿಡಿ, ಫ್ಯಾಕ್ಟರಿ ಮುಟ್ಟಿದ ಮೇಲೆ ಬೆರಳ ಸಂದಿ ಒರೆಸಿ ಬದಲಿಸಿ. ಅಲ್ಲಿ ಬೇರೆ ಶೂ ಇಟ್ಟುಕೊಂಡರೆ ಇನ್ನೂ ಒಳ್ಳೆಯದು. ಮನೆಗೆ ಬಂದ ಮೇಲೆ ಶೂ ಒಳಗಿನ ಅಟ್ಟೆ ತೆಗೆದು, ಹಳೇ ಉದಯವಾಣಿ ಹಾಳೆ ಮುದುಡಿ ತುಂಬಿ. ಮಲಗುವ ಮುಂಚೆ ಆ ಹಾಳೆ ಬದಲಿಸಿ. ಸಕ್ಕರೆ ಕಾಯಿಲೆ ಇದ್ದವರು ಕಾಲಲ್ಲಿ ಗೆರೆ ಮೂಡುವಷ್ಟು ಬಿಗಿ ಎಲಾಸ್ಟಿಕ್ ಇರುವುದನ್ನು ಹಾಕಲೇಬಾರದು, ದಿನಾ ರಾತ್ರಿ ಅಂಗಾಲು ನೋಡಿಕೊಳ್ಳಿ.

ಮಣಿಪಾಲದಿಂದ:
ಒಂದು ಸೇರಿಸುತ್ತೇನೆ. ಮೊದಲ ಭಾನುವಾರ ಮೂಲ್ಕಿಗೆ ಹೋಗುವಾಗ ಒಂದು ಕಾಲಿಗೆ ಹಳೇ ಕಾಟನ್, ಇನ್ನೊಂದಕ್ಕೆ ಹೊಸದು ಹಾಕಿ ಓಡಿಸಿ. ವಾಪಸ್ ಬಂದು ಎರಡೂ ಪಾದ ಪಕ್ಕಪಕ್ಕ ಇಟ್ಟು ನೋಡಿ. ವ್ಯತ್ಯಾಸ ಕಾಣದಿದ್ದರೆ ಎರಡನೇ ಜೊತೆ ತೆಗೆದುಕೊಳ್ಳಬೇಡಿ.