ಫಸ್ಟ್ ಡೇ ಕವರ್: ಆವರಣವೋ, ಲಕೋಟೆಯೋ?

ಗೆಳೆಯರೇ,

ಕಟ್ಟಡಗಳ ಚಿತ್ರವಿರುವ ಅಂಚೆಚೀಟಿಗಳ ಫಸ್ಟ್ ಡೇ ಕವರ್‌ಗಳನ್ನು ಕೂಡಿಸುತ್ತಾ ಬಂದಿದ್ದೇನೆ. ಅಂದರೆ ಹೊಸ ಚೀಟಿ ಬಿಡುಗಡೆಯಾದ ದಿನವೇ ಅದನ್ನು ಅಂಟಿಸಿ, ಆ ದಿನದ ಮುದ್ರೆ ಹೊಡೆದ ಲಕೋಟೆಗಳು. ಈಗ ಒಂದೊಂದರ ಕೆಳಗೂ ಕನ್ನಡದಲ್ಲೇ ವಿವರ ಬರೆಯಲು ಕೂತಿದ್ದೇನೆ. ಕೆಲವು ಪದಗಳ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು.

ಮೊದಲು ಕವರ್. ಅಂಚೆ ಇಲಾಖೆಯ ಕವರ್ ಮೇಲೆ ಹಿಂದಿಯಲ್ಲಿ ‘ಪ್ರಥಮ ದಿವಸ ಆವರಣ’ ಅಂತ ಅಚ್ಚು ಹಾಕಿರುತ್ತಾರೆ. ಅದನ್ನು ಹಾಗೇ ಕನ್ನಡಕ್ಕೆ ತರಬಹುದಲ್ಲ ಅನ್ನಿಸುತ್ತದೆ. ಆದರೆ ನಮ್ಮಲ್ಲಿ ಆವರಣ ಅಂದರೆ ಕಾಂಪೌಂಡಿನ ಒಳಗಿನ ಜಾಗ ಅಲ್ವಾ? ಶಾಲೆಯ ಆವರಣ, ಗುಡಿಯ ಆವರಣ. ಹೂವಿನದೋ ಹಕ್ಕಿಯದೋ ಚೀಟಿಯಾದರೆ ಹೇಗೋ ನಡೆದೀತು, ಕಟ್ಟಡಗಳ ಚೀಟಿಗೆ ಖಂಡಿತ ಆಗೋದಿಲ್ಲ. 2017ರಲ್ಲಿ ಮೆಟ್ಟಿಲುಬಾವಿಗಳ 16 ಚೀಟಿ ಬಂದವು. ಅದರಲ್ಲಿ ನಮ್ಮ ಲಕ್ಕುಂಡಿಯ ಬಾವಿಯೂ ಇದೆ, ಹಂಪಿಯ ಪುಷ್ಕರಣಿಯೂ ಇದೆ. ‘ಹಂಪಿ ಪುಷ್ಕರಣಿಯ ಆವರಣ’ ಅಂತ ಬರೆದರೆ ಓದಿದವರ ಮನಸ್ಸು ನೇರ ಹಂಪಿಯ ಕಲ್ಲುಗಳ ನಡುವೆ ಹೋಗಿ ನಿಲ್ಲುತ್ತದೆ. ಕಾಗದದ ಕವರು ಅಂತ ಯಾರಿಗೂ ಹೊಳೆಯುವುದಿಲ್ಲ. ಅದಕ್ಕೇ ನಾನು ‘ಮೊದಲ ದಿನದ ಲಕೋಟೆ’ ಅನ್ನುವ ಪಕ್ಷ. ಹೊಸ ಚೀಟಿ ಇಲ್ಲದೆ, ಯಾವುದೋ ಸಂದರ್ಭಕ್ಕೆ ವಿಶೇಷ ಮುದ್ರೆ ಹಾಕಿ ಹೊರತರುವ ಸ್ಪೆಷಲ್ ಕವರ್‌ಗೆ ‘ವಿಶೇಷ ಲಕೋಟೆ’. ಎರಡೂ ಜೊತೆಯಾಗಿ ಚೆನ್ನಾಗಿ ಹೊಂದುತ್ತವೆ.

ಹೆಚ್ಚು ಕಾಡುತ್ತಿರುವುದು ಕ್ಯಾನ್ಸಲೇಶನ್, ಅಂದರೆ ಅಂಚೆಯವರು ಚೀಟಿಯ ಮೇಲೆ ಹೊಡೆಯುವ ಮುದ್ರೆ. ‘ರದ್ದತಿ ಮುದ್ರೆ’ ಅನ್ನುವುದು ತಪ್ಪಲ್ಲ, ಚೀಟಿಯನ್ನು ಮತ್ತೆ ಬಳಸಬಾರದು ಅಂತಲೇ ಅದನ್ನು ಹೊಡೆಯುವುದು. ಆದರೆ ಸಂಗ್ರಹಕಾರರಿಗೆ ಬೆಲೆ ಬರುವುದೇ ಅದರಿಂದ. 1949ರ ಆಗಸ್ಟ್ 15ರಂದು ಬಂದ ಪುರಾತತ್ವ ಮಾಲೆಯನ್ನೇ ತೆಗೆದುಕೊಳ್ಳಿ. ಅದರಲ್ಲಿ 6 ಆಣೆಯ ಚೀಟಿ ವಿಜಯಪುರದ ಗೋಲಗುಮ್ಮಟದ್ದು. ಬಿಡಿ ಚೀಟಿ ಒಂದು ಥರ. ಅದೇ ಚೀಟಿ ಲಕೋಟೆಯ ಮೇಲಿದ್ದು, ದುಂಡು ಮುದ್ರೆ ಅರ್ಧ ಚೀಟಿಯ ಮೇಲೆ, ಅರ್ಧ ಕಾಗದದ ಮೇಲೆ ಬಿದ್ದು, ಆ ದಿನದ ತಾರೀಖು ಸ್ಪಷ್ಟವಾಗಿ ಕಂಡರೆ ಅದರ ತೂಕವೇ ಬೇರೆ. ಚೀಟಿ, ಲಕೋಟೆ, ದಿನ ಮೂರನ್ನೂ ಕಟ್ಟಿಹಾಕುವ ಗುರುತು ಅದು. ಅದಕ್ಕೆ ರದ್ದು ಅನ್ನಲು ನನಗೆ ಮನಸ್ಸೇ ಬರುವುದಿಲ್ಲ. ‘ಮೊದಲ ದಿನದ ಠಸ್ಸೆ’ ಅಂದರೆ ಸಾಕಲ್ವಾ? ಠಸ್ಸೆ ಅನ್ನುವಾಗ ಹೊಡೆದ ಸದ್ದೂ ಕೇಳಿಸುತ್ತದೆ.

ಇನ್ನು ಕ್ಯಾಶೆ, ಅಂದರೆ ಲಕೋಟೆಯ ಎಡಗಡೆ ಸಾಮಾನ್ಯವಾಗಿ ಅಚ್ಚಾಗಿರುವ ಚಿತ್ರ. ಫ್ರೆಂಚಿನಲ್ಲಿ ಆ ಪದಕ್ಕೆ ಮೊಹರು ಅನ್ನುವ ಅರ್ಥವಿದೆ. ಹಾಗಂತ ಇಲ್ಲಿ ಮೊಹರು ಅಂದುಬಿಟ್ಟರೆ ಠಸ್ಸೆಯ ಜೊತೆ ಕಲಸಿಹೋಗುತ್ತದೆ. ಸುಮ್ನೆ ‘ಲಕೋಟೆಚಿತ್ರ’ ಅಂತ ಬರೆದುಕೊಂಡಿದ್ದೇನೆ. ಇದಕ್ಕಿಂತ ಒಳ್ಳೆಯದು ನಿಮ್ಮಲ್ಲಿದ್ದರೆ ಕೊಡಿ.

ಆರ್ಕಿಟೆಕ್ಚರ್‌ಗೆ ‘ವಾಸ್ತುಶಿಲ್ಪ’ ಅಂತ ಪೂರ್ತಿಯಾಗಿಯೇ ಬರೆಯುತ್ತೇನೆ. ಬರೀ ‘ವಾಸ್ತು’ ಅಂದರೆ ಈಗ ಅಡುಗೆಮನೆ ಯಾವ ದಿಕ್ಕಿಗಿರಬೇಕು ಅನ್ನುವ ಮಾತು ಶುರುವಾಗುತ್ತದೆ.

ಅಂಚೆ ಕಚೇರಿಯಲ್ಲಿ ಕೆಲಸ ಮಾಡಿದವರು ಇಲ್ಲಿದ್ದರೆ ದಯವಿಟ್ಟು ಹೇಳಿ: ನಿಮ್ಮ ಕೌಂಟರಿನಲ್ಲಿ ಚೀಟಿಯ ಮೇಲೆ ಹೊಡೆಯುವ ಮುದ್ರೆಗೆ ಏನನ್ನುತ್ತಿದ್ದಿರಿ? ಠಸ್ಸೆಯೋ, ಸೀಲೋ, ಮೊಹರೋ? ಉತ್ತರ ಕರ್ನಾಟಕದ ಕಡೆ ಸಿಕ್ಕಾ ಹೊಡೆಯುವುದು ಅನ್ನುತ್ತಾರಲ್ಲ, ಅದು ಅಂಚೆಗೂ ಇತ್ತೇ?